ಸೊಟ್ಟಗಿದ್ದರೇ ಅಸಲಿ

"ಏನೂ ಬೇಡಪ್ಪ, ಸುಮ್ನೆ ನೆನಪಿಗೆ ಏನಾದ್ರೂ ಚಿಕ್ಕದು ತಗೊಂಡ್ ಬಾ" ಎನ್ನುವವರನ್ನು ನಂಬಬೇಡಿ. ಚಿಕ್ಕದು ಎಂದರೆ ಅಗ್ಗದ್ದಲ್ಲ. ಎಲ್ಲ ಕಡೆ ಸಿಗುವಂಥದ್ದೂ ಅಲ್ಲ. ಆ ಊರಿನದ್ದೇ ಆಗಿರಬೇಕು, ಕೈಕೆಲಸದ್ದಾಗಿರಬೇಕು, ಕೊಟ್ಟಾಗ ಪಕ್ಕದ ಮನೆಯವರು ಕೇಳಬೇಕು. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ತಂದರೆ ಸಂಬಂಧ ಉಳಿಯುತ್ತದೆ, ಅಷ್ಟೇ.

ಹೊರಡುವ ಮುಂಚೆ ನಾನು ಸ್ವಲ್ಪ ಓದಿಕೊಂಡಿದ್ದೆ. ಚಕ್ರದ ಮೇಲೆ ತಿರುಗಿಸಿದ ಮಡಕೆಯ ಒಳಗೆ ಬೆರಳು ತಡವಿದರೆ ಸುತ್ತು ಸುತ್ತು ಗೆರೆ ಸಿಗುತ್ತದೆ. ಊದಿ ಮಾಡಿದ ಗಾಜಿನ ತಳದಲ್ಲಿ ಕಂಬಿಯಿಂದ ಬಿಡಿಸಿದ ಗುರುತು ಉಳಿದಿರುತ್ತದೆ, ಉಜ್ಜಿ ತೆಗೆದಿರದಿದ್ದರೆ. ಅಚ್ಚೊತ್ತಿದ ಬಟ್ಟೆಯಲ್ಲಿ ಅಚ್ಚು ಸೇರುವ ಕಡೆ ಒಂದು ಕೂದಲೆಳೆ ಆಚೀಚೆ ಆಗಿರುತ್ತದೆ. ಒಟ್ಟಿನಲ್ಲಿ ಕೈ ತಪ್ಪುತ್ತದೆ, ಯಂತ್ರ ತಪ್ಪುವುದಿಲ್ಲ. ಇಷ್ಟು ತಿಳಿದ ಮೇಲೆ ನನಗೆ ಯಾರು ಟೋಪಿ ಹಾಕುತ್ತಾರೆ?

ಪ್ರವಾಸಿಗರ ಬೀದಿಗೆ ಹೋದೆ. ಮೊದಲ ಅಂಗಡಿಯಲ್ಲಿ ಮರದ ಆನೆಗಳು ಸಾಲಾಗಿ ನಿಂತಿದ್ದವು. 'ಅಪ್ಪಟ ಕೈಕೆಲಸ' ಎಂದು ಬೋರ್ಡು. ಒಂದನ್ನು ಎತ್ತಿಕೊಂಡೆ. ಎಡಗಿವಿಯ ತುದಿಯಲ್ಲಿ ಚಿಕ್ಕದಾಗಿ ಉಳಿ ಜಾರಿದ ಗುರುತು. ಆಹಾ ಎಂದುಕೊಂಡೆ. ಪಕ್ಕದ್ದನ್ನು ಎತ್ತಿದೆ. ಅದಕ್ಕೂ ಎಡಗಿವಿ, ಅದೇ ತುದಿ, ಅದೇ ಗುರುತು. ಸಾಲಿನ ಕೊನೆಯವರೆಗೂ ನೋಡಿದೆ. ಉಳಿ ಒಂದು ಆನೆಯನ್ನೂ ಬಿಟ್ಟಿರಲಿಲ್ಲ.

"ಎಲ್ಲಾ ಒಬ್ಬರೇ ಮಾಡಿದ್ದು ಸರ್. ಕೈ ಪಳಗಿಬಿಟ್ಟಿದೆ" ಎಂದ ಅಂಗಡಿಯವನು, ಕಣ್ಣು ಮಿಟುಕಿಸದೆ.

ಆನೆಯನ್ನು ಅಂಗಾತ ಮಲಗಿಸಿದೆ. ಹೊಟ್ಟೆಯ ಉದ್ದಕ್ಕೂ ಅಚ್ಚಿನ ಎರಡು ಹೋಳು ಸೇರಿದ ಗೆರೆ. ಕಾಲಿನಡಿ ಸ್ಟಿಕ್ಕರ್ ಕಿತ್ತ ಅಂಟು. ಮರದ ವಾಸನೆಯಂತೂ ಇಲ್ಲವೇ ಇಲ್ಲ. ಅಷ್ಟಾದರೂ ಒಂದು ಕೊಂಡೆ. ಪಟ್ಟಿಯಲ್ಲಿ ಇನ್ನೂ ಹೆಸರುಗಳಿದ್ದವು, ಕಾಲು ಬೇರೆ ನೋಯುತ್ತಿತ್ತು.

ನಿಜವಾದದ್ದು ಸಿಕ್ಕಿದ್ದು ಹಿಂದಿನ ಗಲ್ಲಿಯಲ್ಲಿ, ಬೋರ್ಡೇ ಇಲ್ಲದ ಕಡೆ. ಮೊಣಕೈವರೆಗೂ ಮಣ್ಣು ಮೆತ್ತಿಕೊಂಡಿದ್ದ ಹೆಂಗಸು ಮುಚ್ಚಳದ ಜಾಡಿಯೊಂದನ್ನು ತೋರಿಸಿದರು. ಒಳಗೆ ಬೆರಳು ಹಾಕಿದೆ, ಗೆರೆಗಳಿದ್ದವು! ಬಾಯಿ ಒಂದಿಷ್ಟು ವಾಲಿತ್ತು. "ಈ ಮುಚ್ಚಳ ಈ ಜಾಡಿಗೆ ಮಾತ್ರ. ಬಾಣ ಬಾಣಕ್ಕೆ ಸೇರಿಸಿ ಮುಚ್ಚಿ" ಎಂದು ಎರಡರ ಮೇಲೂ ಗೀಚಿದ ಗುರುತು ತೋರಿಸಿದರು. ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಮಕ್ಕಳಿಗೆಂದು ಸ್ನೋ ಗ್ಲೋಬ್ ಕೊಂಡಿದ್ದೆ, ಅಲ್ಲಾಡಿಸಿದರೆ ಒಳಗಿನ ನೀರಿನಲ್ಲಿ ಹಿಮ ಉದುರುವ ಗೋಳ. 1900ರ ಸುಮಾರಿಗೆ ವಿಯೆನ್ನಾದಲ್ಲಿ ಎರ್ವಿನ್ ಪೆರ್ಜಿ ಎಂಬುವವರು ದೀಪದ ಬೆಳಕು ಹೆಚ್ಚಿಸಲು ಹೋಗಿ ಇದನ್ನು ಮಾಡಿದರಂತೆ. ಪಾಪ, ಆಗಿನ್ನೂ ವಿಮಾನವೂ ಇರಲಿಲ್ಲ, ಕೈಚೀಲದಲ್ಲಿ 100 ಮಿಲಿಗಿಂತ ಜಾಸ್ತಿ ದ್ರವ ಒಯ್ಯಬಾರದೆಂಬ ನಿಯಮವೂ ಇರಲಿಲ್ಲ. ವಿಮಾನ ನಿಲ್ದಾಣದ ತಪಾಸಣೆಯವರು ಗೋಳವನ್ನು ಹೊರಗೆ ತೆಗೆದರು. ಒಳಗೆ ನೀರೆಷ್ಟು ಎಂದು ಎಲ್ಲಿಯೂ ಬರೆದಿರಲಿಲ್ಲ. ಒಮ್ಮೆ ಅಲ್ಲಾಡಿಸಿದರು. ಹಿಮ ಪೂರ್ತಿ ಕೂರುವವರೆಗೂ ಖುಷಿಯಾಗಿ ನೋಡಿದರು. ಆಮೇಲೆ ಕಸದ ಡಬ್ಬಿಗೆ ಹಾಕಿದರು.

ಜಾಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಮನೆ ತಲುಪಿದೆ. ಹೆಂಡತಿ ಮುಚ್ಚಳ ಹಾಕಿ ತೆಗೆದು ನೋಡಿದಳು.

"ರೀ, ಇದು ಅಲ್ಲಾಡುತ್ತೆ."

"ಬಾಣ ಸೇರಿಸಿ ಮುಚ್ಚಬೇಕು ಕಣೆ."

"ಡಬ್ಬಿ ಮುಚ್ಚೋಕೆ ದಿಕ್ಕು ನೋಡ್ಬೇಕಾ? ಬಾಯೂ ಸೊಟ್ಟ. ಇದನ್ನ ಬದಲಾಯಿಸಿ ಕೊಡಲ್ವಂತಾ?"

ಬೆರಳ ಗೆರೆಯ ಬಗ್ಗೆ ಹೇಳಲು ಶುರು ಮಾಡಿದೆ. ಅಷ್ಟರಲ್ಲಿ ಅತ್ತಿಗೆ ಬಂದರು. ಅವರ ಪಾಲಿಗೆ ಆನೆ ಬಂತು. ಎತ್ತಿ, ತಿರುಗಿಸಿ, ಕಿವಿ ಸವರಿ, "ನೋಡು, ಉಳಿ ಏಟು ಕೂಡ ಕಾಣುತ್ತೆ! ಕೈಕೆಲಸ ಅಂದ್ರೆ ಇದು" ಎಂದರು. ಹೆಂಡತಿ ನನ್ನ ಜಾಡಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ.

"ಮತ್ತೆ ಹೋದಾಗ ಇನ್ನೊಂದು ತಂದ್ಬಿಡು, ಜೋಡಿ ಆಗ್ಲಿ. ಆದ್ರೆ ಕೈಯಲ್ಲಿ ಮಾಡಿದ್ದು, ಇದೇ ಥರದ್ದು ಮತ್ತೆ ಸಿಗೋದು ಕಷ್ಟ ಅಲ್ವಾ?" ಎಂದರು ಅತ್ತಿಗೆ.

"ಸಿಗುತ್ತೆ ಅತ್ತಿಗೆ. ಕಿವಿ ಸಮೇತ ಸಿಗುತ್ತೆ" ಎಂದೆ.