ಇರುವೆಯ ಮಾತೇ ಇಲ್ಲವಲ್ಲ!

ಕಾಫಿಯ ಕೀಟಗಳ ಹತೋಟಿ ಕುರಿತ ನಿಮ್ಮ ಲೇಖನ ಓದಿದೆ. ಗುಲಗಂಜಿ ಹುಳುಗಳನ್ನು ತಂದು ಬಿಟ್ಟರೆ ಕಾಫಿ ತೋಟದ ಹಿಟ್ಟು ತಿಗಣೆ (ಗಿಡದ ರಸ ಹೀರುವ, ಮೈಗೆ ಬಿಳಿ ಹಿಟ್ಟು ಬಳಿದಂತಿರುವ ಕೀಟ) ತಾನಾಗಿಯೇ ಹತೋಟಿಗೆ ಬರುತ್ತದೆ ಎಂದು ಅದರಲ್ಲಿದೆ. ಇರುವೆಯನ್ನು ಕೈಬಿಟ್ಟು ಈ ವಿಷಯ ಬರೆಯುವುದು ಹೇಗೆ? ತಿಗಣೆ ಒಸರುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದಕ್ಕೆ ಕಾವಲು ನಿಲ್ಲುತ್ತವೆ, ತಿಗಣೆಯನ್ನು ತಿನ್ನಲು ಹತ್ತಿರ ಬಂದ ಮಿತ್ರಕೀಟಗಳನ್ನು ಓಡಿಸುತ್ತವೆ. ಮೊದಲು ಇರುವೆಗಳ ಹಾವಳಿ ತಗ್ಗಿಸದೆ ಹುಳು ಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕ್ರಿಪ್ಟೊಲೀಮಸ್ ಎಂಬ ಈ ಗುಲಗಂಜಿ ಹುಳು ಆಸ್ಟ್ರೇಲಿಯಾ ಮೂಲದ್ದು. 1898ರಲ್ಲಿ ಅದನ್ನು ಭಾರತಕ್ಕೆ ತಂದದ್ದು ಕಾಫಿ ಗಿಡದ ರಸ ಹೀರುವ ಹಸಿರು ಶಲ್ಕ ಕೀಟವನ್ನು ಹತೋಟಿಗೆ ತರಲೆಂದು. ಆ ಕೆಲಸ ಅದರಿಂದ ಆಗಲಿಲ್ಲ. ಹಿಟ್ಟು ತಿಗಣೆ ತಿನ್ನುತ್ತಾ ಇಲ್ಲೇ ನೆಲೆಯೂರಿತು. ಇನ್ನೊಂದು ಫಜೀತಿ ಎಂದರೆ ಅದರ ಮರಿಯ ರೂಪ. ಮೈತುಂಬ ಬಿಳಿ ಮೇಣದ ಎಳೆಗಳು, ಥೇಟ್ ದೊಡ್ಡ ತಿಗಣೆ. ರೊಬಸ್ಟಾ ಕಾಫಿಯ ಗೊಂಚಲಿನಲ್ಲಿ ಅದನ್ನು ಕಂಡವರು ತಿಗಣೆಯೆಂದೇ ಹೊಸಕಿಬಿಡುತ್ತಾರೆ. ಕಡ್ಡಿಯಿಂದ ಮುಟ್ಟಿ ನೋಡಿ: ಮಿತ್ರಹುಳುವಿನ ಮರಿ ಸರಸರ ಓಡುತ್ತದೆ, ತಿಗಣೆ ಮಿಸುಕುವುದೇ ಕಷ್ಟ. ಕೆಲಸದವರಿಗೆ ಇಷ್ಟನ್ನು ತೋರಿಸಿಕೊಟ್ಟರೂ ಎಷ್ಟೋ ಉಪಕಾರ.

ಕಾಫಿ ಕಾಯಿಯನ್ನು ಕೊರೆದು ಒಳಸೇರುವ ಕಾಯಿಕೊರಕ ಕೀಟದ ವಿಷಯದಲ್ಲಿ ಲೇಖಕರ ಮಾತು ಒಪ್ಪುತ್ತೇನೆ. ಅದನ್ನು ಕೊಲ್ಲಲು ಸಿಂಪಡಿಸುವ ಬವೇರಿಯಾ ಎಂಬ ಶಿಲೀಂಧ್ರಕ್ಕೆ (ಬೂಷ್ಟಿಗೆ) ತೇವ ಬೇಕು, ಬಿರುಬಿಸಿಲಿನಲ್ಲಿ ಸಿಂಪಡಿಸಿದರೆ ದುಡ್ಡು ದಂಡ. ಕೊರಕ ಕಾಯಿಯೊಳಗೆ ಸೇರಿಕೊಂಡ ಮೇಲೆ ಶಿಲೀಂಧ್ರ ಅದನ್ನು ತಲುಪುವುದೂ ಕಷ್ಟ. ಏನೇ ಸಿಂಪಡಿಸಿದರೂ ಕೊಯ್ಲಿನ ನಂತರ ಗಿಡದಲ್ಲಿ ಉಳಿದ, ನೆಲಕ್ಕುದುರಿದ ಕಾಯಿಗಳನ್ನು ಆರಿಸಿ ತೆಗೆಯುವ ಕೆಲಸ ತಪ್ಪುವುದಿಲ್ಲ. ಕೂಲಿಯಾಳುಗಳು ಸಿಗದ ಈ ಕಾಲದಲ್ಲಿ ಅದನ್ನು ಮಾಡಿಸುವುದು ಹೇಗೆಂದು ಯಾರಾದರೂ ಬರೆಯಲಿ.