ಅಮ್ಮನ ಸಂಕಟ, ಡಾಕ್ಟರ ಸಂಕಡಂ

ಕಾಸರಗೋಡಿನ ಗಡಿ ಹಳ್ಳಿಯವರಿಗೆ ಕೇರಳ, ಕರ್ನಾಟಕ ಎರಡೂ ಸರ್ಕಾರಗಳ ಆಸ್ಪತ್ರೆ ಗೊತ್ತು. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದದ್ದು ಊರಿಗೆ, ನೆಂಟಸ್ತಿಕೆಗೆ ಅಲ್ಲ ಅಲ್ವಾ? ನಮ್ಮ ಅಕ್ಕನನ್ನು ಕೊಟ್ಟದ್ದು ಕರ್ನಾಟಕದ ಪುತ್ತೂರಿನ ಕಡೆಗೆ.

ಅಲ್ಲಿನ ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಡಾಕ್ಟರು ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ನಿಲ್ಲುವುದಿಲ್ಲ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ಕರ್ನಾಟಕದ 2012ರ ಕಾಯ್ದೆ ಹೇಳಿತ್ತು, ಆಮೇಲೆ ಅದನ್ನು ಸಡಿಲಿಸಿದರು. ಅಕ್ಕನ ಸಕ್ಕರೆ ಕಾಯಿಲೆಯ ಜಾತಕ ಅವರಿಗೆ ತಿಳಿಯುವಾಗ ವರ್ಷ ತುಂಬಿರುತ್ತದೆ. ಪಿಜಿ ಪರೀಕ್ಷೆಗೆ ಓದುವ ಹುಡುಗರು, ಅವರನ್ನು ಬೈದು ಏನು ಪ್ರಯೋಜನ?

ನಮ್ಮಲ್ಲಿ ಬೇರೆ ಕತೆ. 2017ರಲ್ಲಿ ಶುರುವಾದ ಕೇರಳ ಸರ್ಕಾರದ ಆರ್ದ್ರಂ ಆರೋಗ್ಯ ಯೋಜನೆಯಲ್ಲಿ ಪಿಎಚ್‌ಸಿಗಳು ಕುಟುಂಬಾರೋಗ್ಯ ಕೇಂದ್ರಗಳಾದವು. ಬರೇ ಬೋರ್ಡು ಬದಲಾದದ್ದಲ್ಲ. ಡಾಕ್ಟರು, ನರ್ಸ್ ಎಲ್ಲರಿಗೂ ತರಬೇತಿ. ಸಂಜೆ ಆರರವರೆಗೆ ಹೊರರೋಗಿಗಳ ತಪಾಸಣೆ. ದಮ್ಮಿಗೆ ‘ಶ್ವಾಸ್’, ಮನಸ್ಸು ಕುಗ್ಗಿದವರಿಗೆ ‘ಆಶ್ವಾಸಂ’. ದುಡ್ಡು ಎಲ್ಲಿಗೆ ಹೋಯಿತೆಂದು ಕಣ್ಣಿಗೆ ಕಾಣುತ್ತದೆ.

ಹೋದ ಮಳೆಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕೇರಳದ ತೆಂಕಣ ಜಿಲ್ಲೆಯೊಂದರವರು. ಅಮ್ಮ, “ಉಂಡ ಮೇಲೆ ಸಂಕಟ ಆಗ್ತದೆ ಡಾಕ್ಟ್ರೇ” ಅಂದರಂತೆ. ಮಲಯಾಳದಲ್ಲಿ ಸಂಕಡಂ ಅಂದರೆ ದುಃಖ. ನಾನು ರೈನ್‌ಕೋಟ್ ಕೊಡವಿ ಒಳಗೆ ಬರುವಷ್ಟರಲ್ಲಿ ನರ್ಸ್ ಆಶ್ವಾಸಂ ಪ್ರಶ್ನೆಗಳನ್ನು ಶುರು ಮಾಡಿಯಾಗಿತ್ತು. ನಿದ್ದೆ ಬರುತ್ತದಾ, ಮನೆಯಲ್ಲಿ ಯಾರಾದರೂ ನೋಯಿಸುತ್ತಾರಾ? ಅಮ್ಮ ಅರ್ಧಂಬರ್ಧ ಮಲಯಾಳದಲ್ಲಿ ಸೊಸೆಯ ಪರ ವಾದಿಸುತ್ತಿದ್ದರು! ಇದ್ದದ್ದು ಹುಳಿತೇಗು, ಅಷ್ಟೇ.

ಅವತ್ತು ನಕ್ಕೆವು. ಸಂಕಟ ಎದೆಯದ್ದಾಗಿದ್ದರೆ ನಗುವ ಹಾಗಿರಲಿಲ್ಲ. ಡಾಕ್ಟರ ತಪ್ಪೇನೂ ಇಲ್ಲ. ಇಷ್ಟೆಲ್ಲ ಕಲಿಸುವ ಸರ್ಕಾರ ಮಂಜೇಶ್ವರ, ಕಾಸರಗೋಡು ತಾಲೂಕಿಗೆ ಬರುವವರಿಗೆ ಹದಿನೈದು ದಿನ ಕನ್ನಡ, ತುಳು ಕಲಿಸಿದರೆ ಖಜಾನೆ ಬರಿದಾಗುತ್ತದಾ? ಮೊದಲ ಪಾಠ ವ್ಯಾಕರಣ ಬೇಡ. ಸುಸ್ತು, ಜೋಮು, ಸೆಳೆತ, ಉರಿಮೂತ್ರ, ಇವು ಸಾಕು.

ಆದರೂ, ಕನ್ನಡ ಬಂದು ವರ್ಷಕ್ಕೇ ಹೊರಡುವವರಿಗಿಂತ ನನಗೆ ನಮ್ಮ ಡಾಕ್ಟರೇ ವಾಸಿ. ಮೊನ್ನೆ ಹೋದಾಗ ಮೇಜಿನ ಮೇಲೆ ಸಣ್ಣ ಡೈರಿ ಇತ್ತು. ಮಲಯಾಳ ಲಿಪಿಯಲ್ಲಿ ಕನ್ನಡ ಪದಗಳು, ಎದುರಿಗೆ ಅರ್ಥ. ಮೊದಲನೆಯದೇ ಸಂಕಟ. ಡೈರಿ ಅವರೇ ದುಡ್ಡು ಕೊಟ್ಟು ತಂದದ್ದು.