ನೀರು ಹಾಕಿದ್ರಾ?

ಹೋದ ವಾರ ಕುಕ್ಕರ್ ಸುಟ್ಟೆ. ಅಕ್ಕಿ ಡಬ್ಬಿ, ಬೇಳೆ ಡಬ್ಬಿ ಎರಡನ್ನೂ ನೀಟಾಗಿ ಒಳಗಿಟ್ಟು, ಮುಚ್ಚಳ ಹಾಕಿ, ವೆಯ್ಟ್ ಕೂರಿಸಿ, ಫೋನ್ ನೋಡ್ತಾ ಕೂತೆ. ತಳಕ್ಕೆ ನೀರು ಹಾಕೋದೊಂದು ಮರೆತಿದ್ದೆ. ಸೀಟಿ ಬರಲಿಲ್ಲ, ವಾಸನೆ ಬಂತು. ಆಮೇಲೆ ಸೇಫ್ಟಿ ವಾಲ್ವ್ ಹೋಯಿತು. ರಿಪೇರಿ ಅಂಗಡಿಯವರು ಹಳೇ ವಾಲ್ವನ್ನು ಬೆಳಕಿಗೆ ಹಿಡಿದು ತೋರಿಸಿದರು, ನಡುವೆ ಒಂದು ತೂತು. "ಇದು ಕರಗಿದ್ದಕ್ಕೆ ಕುಕ್ಕರ್ ಉಳೀತು ಸಾರ್" ಅಂದರು.

ನಗಬೇಡಿ, ಆ ತೂತು ನೋಡಿ ನನಗೆ ಉಗಿಬಂಡಿ ನೆನಪಾಯಿತು. ನೂರು ವರ್ಷದ ಹಿಂದಿನ ಎಂಜಿನ್ನುಗಳಲ್ಲೂ ಇದೇ ಉಪಾಯ ಇತ್ತು. ಬೆಂಕಿಗೂಡಿನ ನೆತ್ತಿಯಲ್ಲಿ ಸೀಸ ತುಂಬಿದ ಒಂದು ತಿರುಪು. ಮೇಲೆ ನೀರು ಇರುವ ತನಕ ಸೀಸ ಗಟ್ಟಿಯಾಗಿರುತ್ತದೆ. ನೀರು ಇಳಿದರೆ ಕರಗಿ, ಆ ತೂತಿನಿಂದ ಉಗಿ ಬುಸ್ಸೆಂದು ಬೆಂಕಿಯ ಮೇಲೆ ನುಗ್ಗಿ ಫೈರ್‌ಮನ್‌ನನ್ನು ಎಚ್ಚರಿಸುತ್ತದೆ. ಅದೂ ನಮ್ಮ ಕುಕ್ಕರಿನ ಒತ್ತಡದ ಹತ್ತು ಹನ್ನೆರಡು ಪಟ್ಟು ಒತ್ತಡದಲ್ಲಿ! ಹಾಗಾಗಿ ಫೈರ್‌ಮನ್ ಅಂದ್ರೆ ಬರೀ ಕಲ್ಲಿದ್ದಲು ಎರಚುವವನಲ್ಲ. ಅವನ ಒಂದು ಕಣ್ಣು ಯಾವಾಗಲೂ ಮುಂದಿದ್ದ ಗಾಜಿನ ಕೊಳವೆಯ ಮೇಲೆ. ಬಾಯ್ಲರಿನಲ್ಲಿ ಎಷ್ಟು ನೀರಿದೆ ಅಂತ ಹೇಳುತ್ತಿದ್ದದ್ದು ಅದೇ. ನಾನು ಫೋನ್ ನೋಡಿದಷ್ಟು ಶ್ರದ್ಧೆಯಿಂದ ಅವನು ಅದನ್ನು ನೋಡುತ್ತಿದ್ದ.

ಉಗಿಬಂಡಿ ಅಂದರೆ ನಮಗೆ ಕಣ್ಣಿಗೆ ಬರೋದು ಹೊಗೆ, ಕಲ್ಲಿದ್ದಲು, ಮಸಿ. ನಿಜವಾಗಿ ಅದು ತಿನ್ನುವುದಕ್ಕಿಂತ ಕುಡಿಯುವುದೇ ಜಾಸ್ತಿ. ಒಂದು ಕಿಲೋ ಕಲ್ಲಿದ್ದಲಿಗೆ ಆರೇಳು ಲೀಟರ್ ನೀರು ಆವಿ. ದೊಡ್ಡ ಎಕ್ಸ್‌ಪ್ರೆಸ್ ಎಂಜಿನ್ನಿಗೆ ಕಿಲೋಮೀಟರಿಗೆ ನೂರು ಲೀಟರಿನ ಆಸುಪಾಸು ಬೇಕು. ಅಷ್ಟನ್ನೂ ಮತ್ತೆ ತಣಿಸಿ ಬಳಸಬಹುದಲ್ವಾ ಅಂತ ನನಗೂ ಅನ್ನಿಸಿತ್ತು. ಆದರೆ ಕೆಲಸ ಮುಗಿಸಿದ ಉಗಿಗೆ ಇನ್ನೊಂದು ಕೆಲಸ ಕಾದಿರುತ್ತದೆ. ಅದು ಚಿಮಣಿಯಿಂದ ರಭಸವಾಗಿ ಹೊರಗೆ ಹಾರುವಾಗ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಆ ಸೆಳೆತಕ್ಕೆ ಬೆಂಕಿಗೆ ಗಾಳಿ ಸಿಗುತ್ತದೆ. ಕಮ್ಮಾರನ ತಿದಿ ಇದ್ದ ಹಾಗೆ, ಒತ್ತುವವನು ಮಾತ್ರ ಬೇಕಿಲ್ಲ. ಏರು ಬಂದಷ್ಟೂ ಎಂಜಿನ್ ಜೋರಾಗಿ ಉಸಿರು ಬಿಡುತ್ತದೆ, ಬೆಂಕಿಯೂ ಅಷ್ಟೇ ಜೋರಾಗುತ್ತದೆ. ನಾವು ಚಿಕ್ಕವರಿದ್ದಾಗ ಸಾಲಾಗಿ ಅಂಗಿ ಹಿಡಿದು ಓಡುತ್ತಾ ಕೂಗುತ್ತಿದ್ದ ಚುಕುಬುಕು ಇದೇ ಉಸಿರು. ಎರಡು ಸಿಲಿಂಡರಿನ ಎಂಜಿನ್ನಾದರೆ ಚಕ್ರ ಒಂದು ಸುತ್ತು ಬರುವುದರೊಳಗೆ ನಾಲ್ಕು ಸಲ.

ಈ ಬಾಯಾರಿಕೆಗೆ ಒಬ್ಬೊಬ್ಬರದು ಒಂದೊಂದು ದಾರಿ. ಜರ್ಮನಿಯ ವಿಲ್ಹೆಲ್ಮ್ ಶ್ಮಿಟ್ ಉಗಿಯನ್ನೇ ಇನ್ನೊಮ್ಮೆ ಕಾಯಿಸಿ ಒಣಗಿಸಿದ, ಕಡಿಮೆ ನೀರಿಗೆ ಅಷ್ಟೇ ಕೆಲಸ ಆಯಿತು. ಇಂಗ್ಲಿಷರು ಇನ್ನೂ ಅವಸರದವರು. ಅಲ್ಲಲ್ಲಿ ಹಳಿಗಳ ನಡುವೆ ಉದ್ದನೆಯ ತೊಟ್ಟಿ ಕಟ್ಟಿ ನೀರು ತುಂಬಿಟ್ಟರು. ಓಡುವ ಎಂಜಿನ್ ಕೆಳಗೊಂದು ಮೊಗೆಯುವ ಸೌಟು ಇಳಿಸಿ, ನಿಲ್ಲದೆ ಮೊಗೆದುಕೊಂಡು ಹೋಗುತ್ತಿತ್ತು. ಮುಂದಿನ ಡಬ್ಬಿಯಲ್ಲಿ ಕಿಟಕಿ ತೆರೆದು ಕೂತವರಿಗೆ ಪುಕ್ಕಟೆ ಸ್ನಾನ. 1928 ರಲ್ಲಿ ಲಂಡನ್ನಿನಿಂದ ಎಡಿನ್‌ಬರೋವರೆಗೆ, ಸುಮಾರು 630 ಕಿಲೋಮೀಟರ್, ಎಲ್ಲೂ ನಿಲ್ಲದ ರೈಲು ಬಿಟ್ಟದ್ದು ಹೀಗೇ. ಅದರಲ್ಲಿ ಡ್ರೈವರ್ ಬದಲಾಗೋದಕ್ಕೂ ನಿಲ್ಲುವ ಹಾಗಿಲ್ಲ! ನೀರು, ಕಲ್ಲಿದ್ದಲು ಹೊತ್ತ ಟೆಂಡರಿನ ಒಂದು ಪಕ್ಕದಲ್ಲಿ ಒಂದೂವರೆ ಅಡಿ ಅಗಲದ ಓಣಿ ಬಿಟ್ಟಿದ್ದರು. ಅರ್ಧ ದಾರಿಯಲ್ಲಿ ಡ್ರೈವರ್, ಫೈರ್‌ಮನ್‌ರ ಎರಡನೇ ಜೋಡಿ ಅದರಲ್ಲಿ ಬಗ್ಗಿಕೊಂಡು ನುಸುಳಿ ಎಂಜಿನ್ನಿಗೆ ಬರುತ್ತಿತ್ತು.

ನಮ್ಮ ಕಡೆ ಆ ರಗಳೆಯೇ ಇಲ್ಲ. ಎಂಜಿನ್ನಿಗೆ ಬಾಯಾರಿತಾ, ನಿಲ್ಲಿಸು. ಪ್ಲಾಟ್‌ಫಾರಂ ಕೊನೆಯ ಕಬ್ಬಿಣದ ಕಂಬದಿಂದ ಆನೆ ಸೊಂಡಿಲಿನಂಥ ಕೊಳವೆ ತಿರುಗಿಸಿ ಟೆಂಡರಿಗೆ ಬಿಡು. ಅಷ್ಟರಲ್ಲಿ ಪ್ಯಾಸೆಂಜರಿಗೆ ಹಸಿವಾಗುತ್ತದೆ. ಬೆಂಗಳೂರು ಮೈಸೂರು ನಡುವೆ 1880 ರ ದಶಕದಿಂದಲೇ ಮೀಟರ್ ಗೇಜ್ ಬಂಡಿ ಓಡುತ್ತಿತ್ತು, ಮದ್ದೂರು ಹೆಚ್ಚುಕಮ್ಮಿ ಅರ್ಧ ದಾರಿ. ಅಲ್ಲಿ ಬಂಡಿ ನೀರು ಕುಡಿಯಲು ನಿಲ್ಲುತ್ತಿತ್ತು, ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಅವರು ಪಕೋಡ ಮಾರುತ್ತಿದ್ದರು, 1917 ರಲ್ಲೊಂದು ದಿನ ಬಂಡಿ ಬೇಗ ಬಂದುಬಿಟ್ಟಿತು, ಉಂಡೆ ಮಾಡಿ ಕರಿಯೋಕೆ ಪುರುಸೊತ್ತಿಲ್ಲದೆ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರು, ಅದೇ ಮದ್ದೂರು ವಡೆ ಆಯಿತು ಅಂತ ಕಥೆ ಹೇಳುತ್ತಾರೆ. ನನಗೆ ಈ ಕಥೆ ತುಂಬಾ ಇಷ್ಟ. ರೈಲು ಬೇಗ ಬಂತು ಅನ್ನೋದನ್ನು ಮಾತ್ರ ನಂಬೋದು ಸ್ವಲ್ಪ ಕಷ್ಟ.

ಮೊನ್ನೆ ಅದೇ ದಾರಿಯಲ್ಲಿ ಹೋಗಿದ್ದೆ. ಈಗಿನದು ಕರೆಂಟಿನ ಎಂಜಿನ್, ಒಂದು ತೊಟ್ಟೂ ನೀರು ಕುಡಿಯೋದಿಲ್ಲ. ಮದ್ದೂರಿನಲ್ಲಿ ಇಳಿದು ಎರಡು ವಡೆ ತಗೊಂಡು ನೂರರ ನೋಟು ಕೊಟ್ಟೆ. ಆತ ಚಿಲ್ಲರೆ ಎಣಿಸುತ್ತಿದ್ದ ಹಾಗೆಯೇ ಬಂಡಿ ಹೊರಟಿತು. ಓಡಿ ಹತ್ತಿದೆ. ವಡೆ ಕೈಯಲ್ಲಿತ್ತು, ಚಿಲ್ಲರೆ ಮದ್ದೂರಿನಲ್ಲೇ ಉಳಿಯಿತು.